ಕೈಗುಣವೂ ಟೆಕ್ಸಾಸಿನ ಜಿಂಕೆಯೂ

ಒಳ್ಳೆಯ ಹೆಸರು ಬರುವುದಕ್ಕಿಂತ ದೊಡ್ಡ ಪೀಡೆ ಇನ್ನೊಂದಿಲ್ಲ ಎಂದು ನಾನು ಸ್ವಂತ ಅನುಭವದಿಂದ ಹೇಳಬಲ್ಲೆ. ಕೆಟ್ಟ ಹೆಸರು ಬಂದವನು ನೆಮ್ಮದಿಯಾಗಿರುತ್ತಾನೆ. ಅವನನ್ನು ಯಾರೂ ಏನೂ ಕೇಳುವುದಿಲ್ಲ. ನನಗೆ ಬಂದಿರುವುದು ಕೈಗುಣದ ಹೆಸರು. ಡಾಕ್ಟರಿಗೆ ಕೈಗುಣವಿದೆ ಎಂದು ಜನ ಹೇಳಿದರೆ ಸಂತೋಷಪಡಬೇಕಾದದ್ದೇ. ಆದರೆ ನನ್ನ ವಿಷಯದಲ್ಲಿ ಅದು ಸ್ಟೆತಸ್ಕೋಪನ್ನು ದಾಟಿ ಎಲ್ಲೆಲ್ಲಿಗೋ ಹೋಗಿಬಿಟ್ಟಿದೆ. ಮೈಸೂರಿನಲ್ಲಿ ಮೆಡಿಕಲ್ ಓದುತ್ತಿದ್ದಾಗ ಒಂದು ದಿನ ಚಿಕ್ಕಮ್ಮನಿಗೆ ಮಿಕ್ಸಿ ಆರಿಸಿಕೊಟ್ಟೆ. ಆರಿಸಿದ್ದೇನು ಬಂತು, ಅಂಗಡಿಯವನು ಸಾಲಾಗಿ ಇಟ್ಟಿದ್ದ ಮಿಕ್ಸಿಗಳನ್ನು ನೋಡಿ ತಲೆ ಚಿಟ್ಟು ಹಿಡಿದು, ಬಾಗಿಲಿಗೆ ಹತ್ತಿರವಿದ್ದುದನ್ನು ತೋರಿಸಿ ಹೊರಗೆ ಬಂದೆ. ಆ ಹಾಳು ಮಿಕ್ಸಿ ಇವತ್ತಿಗೂ ರುಬ್ಬುತ್ತಿದೆ. ಅವತ್ತಿನಿಂದ ನಮ್ಮ ಬಳಗದಲ್ಲಿ ಫ್ರಿಜ್ಜು, ಸ್ಕೂಟರು, ಸೈಟು, ಕೊನೆಗೆ ದೊಡ್ಡಪ್ಪನ ಮಗಳಿಗೆ ಗಂಡು, ಎಲ್ಲವೂ ನನ್ನ ಬೆರಳು ತೋರಿಸಿದ ಕಡೆಯಿಂದಲೇ ಬರಬೇಕು ಎಂದಾಯಿತು.

ಇಂಗ್ಲೆಂಡಿಗೆ ಬಂದು ಸಟನ್ ಕೋಲ್ಡ್‌ಫೀಲ್ಡಿನಲ್ಲಿ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರಾಗಿ ನೆಲೆಸಿದರೆ ಈ ಕಾಟ ತಪ್ಪೀತು ಎಂದುಕೊಂಡಿದ್ದೆ. ತಪ್ಪಲಿಲ್ಲ. ಹಡರ್ಸ್‌ಫೀಲ್ಡಿನ ಕನ್ನಡದವರೊಬ್ಬರು ಸೋಫಾ ಆರಿಸಲು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದರು. ಒಂದೊಂದರ ಮೇಲೂ ಕೂತು ನೋಡಿದೆ. ಒಂದರಿಂದ ಏಳುವಾಗ ಸೊಂಟ ಹಿಡಿದುಕೊಂಡು ಅಲ್ಲೇ ಉಳಿದೆ. "ನೋಡಿ, ಡಾಕ್ಟರಿಗೆ ಬಿಟ್ಟು ಏಳೋಕೇ ಮನಸ್ಸಿಲ್ಲ" ಎಂದು ಅದನ್ನೇ ಕೊಂಡರು. ಅದೂ ಚೆನ್ನಾಗಿದೆಯಂತೆ! ಇಷ್ಟೆಲ್ಲ ಹೆಸರಿರುವ ನಾನು ನಿಜದಲ್ಲಿ ಎಂಥ ಪುಕ್ಕಲನೆಂದರೆ, ಕಾರಿಗೆ ಬೀಗ ಹಾಕಿದ್ದೇನೆಯೇ ಎಂದು ನೋಡಲು ಅರ್ಧ ದಾರಿಯಿಂದ ವಾಪಸು ಬರುವವನು. ಬಂದು ನೋಡಿದ ಮೇಲೆ, ನೋಡುವಾಗ ಬೀಗ ತೆಗೆದುಬಿಟ್ಟೆನೇನೋ ಎಂದು ಮತ್ತೊಮ್ಮೆ ಬರುವವನು.

ನನ್ನ ಕೈಗುಣದ ದೊಡ್ಡ ಸಾಕ್ಷಿ ನಮ್ಮ ಮನೆಯ ಕರಿಬೇವಿನ ಗಿಡ. ಈ ದೇಶದಲ್ಲಿ ಕರಿಬೇವು ಬೆಳೆಸುವುದೆಂದರೆ ಹಸುಗೂಸನ್ನು ಸಾಕಿದ ಹಾಗೆ. ಚಳಿಗಾಲದಲ್ಲಿ ಹೀಟರಿನ ಪಕ್ಕ ಮಲಗಿಸಬೇಕು, ಬೇಸಿಗೆ ಎಂದು ಇಲ್ಲಿಯವರು ಕರೆಯುವ ಆ ಕೆಲವು ದಿನಗಳಲ್ಲಿ ಹೊರಗೆ ಕೂರಿಸಬೇಕು. ಬೇರೆಯವರ ಮನೆಯಲ್ಲಿ ಕಡ್ಡಿಯಾಗಿ ಒಣಗುವ ಗಿಡ ನಮ್ಮಲ್ಲಿ ಎದೆಯೆತ್ತರ ಬೆಳೆದಿತ್ತು. ಬರ್ಮಿಂಗ್‌ಹ್ಯಾಮಿನಿಂದ ಜನ ಬಂದು, ಕಾಫಿ ಕುಡಿದು, ಹೋಗುವಾಗ ಎರಡು ಎಸಳು ಕೇಳಿ ತೆಗೆದುಕೊಂಡು ಹೋಗುತ್ತಿದ್ದರು. ಬಂದವರಿಗೆಲ್ಲ ನನ್ನ ಹೆಂಡತಿ ವಸುಧಾ "ಇವರ ಕೈಗುಣ" ಎಂದು ಹೇಳುತ್ತಿದ್ದಳು. ಬೇರೆ ಯಾವ ವಿಷಯದಲ್ಲೂ ಅವಳು ನನ್ನನ್ನು ಹೊಗಳಿದ್ದು ನೆನಪಿಲ್ಲವಾದ್ದರಿಂದ ಆ ಗಿಡದ ಮೇಲೆ ನನಗೆ ವಿಶೇಷ ಮಮತೆ.

ಹೀಗಿರುವಾಗ ಒಂದು ಭಾನುವಾರ ಸಂಜೆ ಟೆಕ್ಸಾಸಿನಿಂದ ಚಂದ್ರು ಭಾವ ಫೋನು ಮಾಡಿದರು. ಇವರು ವಸುಧಾಳ ಅಣ್ಣ. ಬಹಳ ವರ್ಷಗಳಿಂದ ಅಲ್ಲಿ ಎಣ್ಣೆ ಕಂಪನಿಯೊಂದರಲ್ಲಿ ಎಂಜಿನಿಯರು. ಕ್ಷೇಮ ಸಮಾಚಾರವೆಲ್ಲ ಮುಗಿದ ಮೇಲೆ ಗಂಟಲು ಸರಿಮಾಡಿಕೊಂಡು, "ಡಾಕ್ಟ್ರೇ, ಒಂದು ಸಣ್ಣ ವಿಷಯ. ಒಂದು ಪಿಸ್ತೂಲು ತಗೋಬೇಕು ಅಂತಿದ್ದೀನಿ. ಯಾವುದು ತಗೊಳ್ಳಲಿ?" ಎಂದರು.

ನಾನು ಕಾಫಿ ಲೋಟ ಕೆಳಗಿಟ್ಟೆ. "ಅಕ್ಕ ಚೆನ್ನಾಗಿದಾರಾ?" ಎಂದು ಅವರ ಹೆಂಡತಿಯ ಬಗ್ಗೆ ಮೆಲ್ಲಗೆ ಕೇಳಿದೆ.

"ಅಯ್ಯೋ, ಮನುಷ್ಯರಿಗಲ್ಲ ರೀ. ಜಿಂಕೆಗೆ."

ಚಂದ್ರು ಭಾವನ ಮನೆಯಲ್ಲಿ ಹಬ್ಬದ ದಿನ ಈರುಳ್ಳಿಯನ್ನೂ ಹೊರಗಿಡುತ್ತಾರೆ. ಅಂಥವರಿಗೆ ಜಿಂಕೆ ಯಾಕೆ ಬೇಕಾಯಿತು ಎಂದು ವಿಚಾರಿಸಿದೆ. ನವೆಂಬರ್ ಬಂತೆಂದರೆ ಅವರ ಆಫೀಸಿನವರೆಲ್ಲ ಬೇಟೆಗೆ ಹೊರಟುಬಿಡುತ್ತಾರಂತೆ. ಇಷ್ಟು ವರ್ಷ ಭಾವ ಒಬ್ಬರೇ ಖಾಲಿ ಆಫೀಸಿನಲ್ಲಿ ಮೊಸರನ್ನದ ಡಬ್ಬಿ ತೆರೆದುಕೊಂಡು ಕೂರುತ್ತಿದ್ದರಂತೆ. ಈಗ ರಿಟೈರಾಗುವ ಕಾಲ ಹತ್ತಿರ ಬಂದಿದೆ, ಒಂದು ಸಲವಾದರೂ ಅವರ ಜೊತೆ ಹೋಗಬೇಕು ಎಂಬ ಆಸೆ. ಹೊಡೆದದ್ದನ್ನು ತಿನ್ನುವುದಿಲ್ಲ, ಪಕ್ಕದ ಮನೆಯವನಿಗೆ ಕೊಟ್ಟುಬಿಡುತ್ತಾರೆ. ಎಲ್ಲರ ಹಾಗೆ ರೈಫಲ್ ಹಿಡಿಯೋಣವೆಂದರೆ ಬಲ ಭುಜ ಸೆಟೆದುಕೊಂಡು ವರ್ಷವಾಗಿದೆ. ಅದಕ್ಕೆ ಬಂದೂಕಿನ ಹಿಡಿ ಒತ್ತಿಕೊಂಡರೆ ಜೀವ ಹೋಗುತ್ತದೆ. ಟೆಕ್ಸಾಸಿನಲ್ಲಿ ಪಿಸ್ತೂಲಿನಿಂದಲೂ ಜಿಂಕೆ ಹೊಡೆಯಬಹುದಂತೆ, ಅದನ್ನು ಕೈ ಮುಂದೆ ಚಾಚಿ ಹಿಡಿದರೆ ಸಾಕಂತೆ. "ಭುಜ ನಿಮ್ಮ ಡಿಪಾರ್ಟ್‌ಮೆಂಟು. ಆರಿಸೋಕೆ ನಿಮ್ಮ ಕೈಗುಣ ಇದ್ದೇ ಇದೆ. ಇನ್ಯಾರನ್ನ ಕೇಳಲಿ ಹೇಳಿ?" ಎಂದರು.

ಆಗುವುದಿಲ್ಲ ಎನ್ನಬೇಕಿತ್ತು. ಆದರೆ ನಮ್ಮ ಮದುವೆಯ ಹೊತ್ತಿಗೆ ಮಾವನವರು ತೀರಿಹೋಗಿದ್ದರು. ಬೆಳ್ಳಿ ತಟ್ಟೆಯಲ್ಲಿ ನನ್ನ ಕಾಲಿಟ್ಟು ತೊಳೆದು, ಧಾರೆಯೆರೆದು ಕೊಟ್ಟವರು ಇದೇ ಭಾವ. ಆಗ ನನ್ನ ಕಾಲಿನಲ್ಲಿ ಹಾಸ್ಟೆಲಿನಿಂದ ತಂದ ಕಜ್ಜಿಯೊಂದಿತ್ತು. ಅವರು ಅದನ್ನು ನೋಡಿಯೂ ಮುಖ ಸಿಂಡರಿಸದೆ, ಬೆರಳುಗಳ ಸಂದಿಗೂ ನೀರು ಬಿಟ್ಟು ತೊಳೆದರು. ಹಾಗೆ ಕಾಲು ತೊಳೆದವರು ಜನ್ಮದಲ್ಲಿ ಮೊದಲ ಸಲ ಏನೋ ಕೇಳಿದಾಗ ಇಲ್ಲ ಎನ್ನುವ ಎದೆಗಾರಿಕೆ ನನಗಿಲ್ಲ. "ನೋಡಿ ಹೇಳ್ತೀನಿ ಭಾವ" ಎಂದುಬಿಟ್ಟೆ.

ಫೋನಿಟ್ಟ ಕೂಡಲೇ ಅಡುಗೆಮನೆಗೆ ಹೋದೆ. ವಸುಧಾಳಿಗೆ ಹೇಳಿದೆ. ಅವಳು ಬಟಾಣಿ ಬಿಡಿಸುತ್ತ, "ಅಣ್ಣನ ಕೈಲಿ ಜಿರಳೆ ಹೊಡೆಯೋಕಾಗಲ್ಲ. ಅವನು ಜಿಂಕೆ ಹೊಡೀತಾನಾ? ಸುಮ್ನೆ ಯಾವುದೋ ಒಂದು ಹೇಳಿ" ಎಂದಳು.

"ಹೊಡೆಯೋದು ಅವರ ಕೈ ಇರಬಹುದು ಕಣೇ. ಆದರೆ ಆರಿಸೋದು ನಾನಲ್ವಾ? ಇಷ್ಟು ವರ್ಷದಲ್ಲಿ ನಾನು ಆರಿಸಿದ್ದು ಒಂದಾದರೂ ಕೆಟ್ಟಿದೆಯಾ?"

ಅವಳು ಬಟಾಣಿ ಬಿಡಿಸುವುದನ್ನು ನಿಲ್ಲಿಸಿ ಯೋಚಿಸಿದಳು. "ಅದೂ ನಿಜವೇ" ಎಂದಳು. ಅಲ್ಲಿಗೆ ನನಗಿದ್ದ ಅಲ್ಪಸ್ವಲ್ಪ ಧೈರ್ಯವೂ ಹೋಯಿತು. ನನಗೆ ಕೈಗುಣದಲ್ಲಿ ನಂಬಿಕೆಯಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದವನು ನಾನು. ಆದರೆ ಟೆಕ್ಸಾಸಿನ ಯಾವುದೋ ಪೊದೆಯ ಹಿಂದೆ ಏನೂ ಅರಿಯದೆ ಹುಲ್ಲು ಮೇಯುತ್ತಿರುವ ಒಂದು ಜಿಂಕೆ ನನ್ನ ಬೆರಳು ಯಾವ ಕಡೆ ತೋರಿಸುತ್ತದೋ ಅದರ ಮೇಲೆ ಬದುಕಬೇಕು ಅಥವಾ ಸಾಯಬೇಕು ಎಂದು ಅವತ್ತು ನಿಜವಾಗಿಯೂ ಅನ್ನಿಸಿತು. ಆ ಜಿಂಕೆಯ ಮುಖ ಕೂಡ ನನಗೆ ಕಾಣತೊಡಗಿತು. ಸ್ವಲ್ಪ ಚಿಕ್ಕಮ್ಮನ ಹಾಗಿತ್ತು.

ವಿಷಯ ತಿಳಿದುಕೊಳ್ಳದೆ ಹೇಳುವ ಹಾಗಿಲ್ಲವಲ್ಲ. ಈ ದೇಶದಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದೇ ನಿಷೇಧ. ಅದರ ಬಗ್ಗೆ ಇಂಟರ್ನೆಟ್ಟಿನಲ್ಲಿ ಹುಡುಕಿದರೂ ಯಾರೋ ಬಾಗಿಲು ತಟ್ಟುತ್ತಾರೆ ಎಂದು ನನಗೆ ಖಾತ್ರಿ. ಅದಕ್ಕೇ ಮೊದಲು ಬೆಂಗಳೂರಿನ ಹವಾಮಾನ, ಆಮೇಲೆ ಮಜ್ಜಿಗೆಹುಳಿ ಮಾಡುವ ವಿಧಾನ, ಅವೆರಡರ ನಡುವೆ ಸಂಭಾವಿತನ ಹಾಗೆ ಜಿಂಕೆಗೆ ಯಾವ ಪಿಸ್ತೂಲು ಎಂದು ಹುಡುಕಿದೆ. ಹಿಂದಿನಿಂದ ನನ್ನ ಮಗಳು ಮೇಘನಾ ಇಣುಕಿ, "ಡ್ಯಾಡ್, ವೈ ಆರ್ ಯೂ ಲುಕಿಂಗ್ ಅಟ್ ಗನ್ಸ್?" ಎಂದಳು. "ನಿಮ್ಮ ಮಾವನಿಗೆ ಕಣಮ್ಮ" ಎಂದೆ. "ದಟ್ಸ್ ವರ್ಸ್" ಎಂದು ಹೇಳಿ ಹೋದಳು.

ಕ್ಯಾಲಿಬರ್ ಎಂದರೆ ಗುಂಡಿನ ದಪ್ಪ. ಇಂಚಿನ ನೂರನೇ ಭಾಗದಲ್ಲೋ ಸಾವಿರದಲ್ಲೋ ಹೇಳುತ್ತಾರೆ. ಮೂವತ್ತೆಂಟು ಎಂಬುದು ಮೂವತ್ತೆಂಟಲ್ಲ, ನಲವತ್ತನಾಲ್ಕು ಎಂಬುದು ನಲವತ್ತಮೂರಕ್ಕೂ ಸ್ವಲ್ಪ ಕಡಿಮೆ. ಔಷಧಿಗಳ ಹೆಸರಿಗಿಂತ ಗೋಜಲು. ಆದರೆ ಓದುತ್ತ ಓದುತ್ತ ನನಗೆ ಒಂದು ಸಂಗತಿ ಹೊಳೆದು ಮೈ ತಣ್ಣಗಾಯಿತು. ನಾನು ಒಳಗೊಳಗೇ ಒಂದು ಉಪಾಯ ಮಾಡಿಕೊಂಡಿದ್ದೆ: ಎಲ್ಲಕ್ಕಿಂತ ಚಿಕ್ಕ ಗುಂಡು ಹೇಳಿಬಿಡುವುದು, ಜಿಂಕೆಗೆ ಸೊಳ್ಳೆ ಕಚ್ಚಿದ ಹಾಗಾಗಿ ಅದು ಮನೆಗೆ ಹೋಗುವುದು. ಆದರೆ ಹಾಗಾಗುವುದಿಲ್ಲವಂತೆ. ಚಿಕ್ಕ ಗುಂಡು ತಗುಲಿದ ಜಿಂಕೆ ಗಾಯವನ್ನು ಹೊತ್ತು ಓಡಿಹೋಗಿ, ಎಲ್ಲೋ ದಿನಗಟ್ಟಲೆ ನರಳಿ ಸಾಯುತ್ತದಂತೆ. ಅರ್ಧ ಡೋಸು ಕೊಟ್ಟು ರೋಗಿಯನ್ನು ಹಾಳುಮಾಡುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಹಾಗೆಂದು ಎಲ್ಲಕ್ಕಿಂತ ದೊಡ್ಡದನ್ನು ಹೇಳಿದರೆ ಅದರ ಒದೆತಕ್ಕೆ ಭಾವನ ಮಣಿಕಟ್ಟು ಉಳಿಯುವುದಿಲ್ಲ. ಹೆದರಿ ಕೈ ನಡುಗಿದರೆ ಗುಂಡು ಅಡ್ಡ ಹೋಗಿ ಮತ್ತೆ ಅದೇ ಗಾಯ, ಅದೇ ನರಳಾಟ. ಸರಿಯಾದದ್ದನ್ನು ಆರಿಸಿದರೆ ಜಿಂಕೆ ಸಾಯುತ್ತದೆ, ತಪ್ಪಾದದ್ದನ್ನು ಆರಿಸಿದರೆ ನರಳಿ ಸಾಯುತ್ತದೆ. ನಾನು ಸೊರಗತೊಡಗಿದೆ.

ಆ ಪರಿಸ್ಥಿತಿಯಲ್ಲಿ ನಾನು ಮಾಡಬಾರದ ಕೆಲಸ ಮಾಡಿದೆ. ನಮ್ಮ ಸರ್ಜರಿಗೆ (ಇಲ್ಲಿ ಕ್ಲಿನಿಕ್ಕಿಗೆ ಹಾಗೆನ್ನುತ್ತಾರೆ) ಬರುವ ಒಬ್ಬ ಹಿರಿಯ ಪೇಷಂಟು, ಹ್ಯಾರಿಸ್ ಎಂದು ಕರೆಯೋಣ, ಊರಾಚೆ ಜಮೀನಿರುವವರು. ಲೈಸೆನ್ಸು ಇಟ್ಟುಕೊಂಡು ರೈಫಲಿನಲ್ಲಿ ಜಿಂಕೆ ಹೊಡೆಯುವವರು. ಇಲ್ಲಿ ಬಂದೂಕಿನ ಲೈಸೆನ್ಸು ಕೊಡುವ ಮೊದಲು ಆ ಮನುಷ್ಯನ ಮನಸ್ಸು ಸ್ತಿಮಿತದಲ್ಲಿದೆಯೇ ಎಂದು ಪೊಲೀಸರು ಜಿಪಿಯನ್ನು ಕೇಳುತ್ತಾರೆ. ಹ್ಯಾರಿಸರ ಮನಸ್ಸು ಸ್ತಿಮಿತದಲ್ಲಿದೆ ಎಂದು ಹೇಳಿದವನೂ ನಾನೇ. ಬಿಪಿ ನೋಡಿ, ಪಟ್ಟಿ ಬಿಚ್ಚುತ್ತ, ಹವಾಮಾನದ ಬಗ್ಗೆ ಮಾತಾಡುವ ಧಾಟಿಯಲ್ಲೇ ಕೇಳಿದೆ: "ಮಿಸ್ಟರ್ ಹ್ಯಾರಿಸ್, ಜಿಂಕೆಗೆ ಹ್ಯಾಂಡ್‌ಗನ್ ಉಪಯೋಗಿಸುವುದಾದರೆ ಯಾವ ಕ್ಯಾಲಿಬರ್ ಒಳ್ಳೆಯದು?"

ಅವರು ಮಡಚಿದ ಅಂಗಿಯ ತೋಳನ್ನು ಇಳಿಸದೆ ಹಾಗೇ ಕೂತರು. "ಹ್ಯಾಂಡ್‌ಗನ್ನೇ, ಡಾಕ್ಟರ್? ಈ ದೇಶದಲ್ಲಿ ಅದಕ್ಕೆ ಜೈಲು."

"ಬರೀ ಮಾಹಿತಿಗೆ. ನನಗಲ್ಲ, ನನ್ನ ಹೆಂಡತಿಯ ಅಣ್ಣನಿಗೆ."

ಹೇಳಿದ ಕ್ಷಣವೇ ನನ್ನ ತಪ್ಪು ಗೊತ್ತಾಯಿತು. ಹೇಳಿಕೊಳ್ಳಲಾಗದ ಕಾಯಿಲೆ ಇರುವವರೆಲ್ಲ ನನ್ನ ಮುಂದೆ ಕೂತು, ನನಗಲ್ಲ, ನನ್ನ ಸ್ನೇಹಿತನಿಗೆ ಎಂದೇ ಶುರು ಮಾಡುತ್ತಾರೆ. ಅಂಥವರನ್ನು ನಾನು ಹೇಗೆ ನೋಡುತ್ತೇನೋ ಹ್ಯಾರಿಸ್ ನನ್ನನ್ನು ಹಾಗೆ ನೋಡಿದರು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ನಿದ್ದೆ ಸರಿಯಾಗಿ ಬರ್ತಿದೆಯಾ, ಡಾಕ್ಟರ್?" ಎಂದರು. "ಊಟ? ಮನೆಯಲ್ಲಿ ಎಲ್ಲ ಸರಿಯಾಗಿದೆ ತಾನೆ?" ಎಂದರು. ನಾನು ಸರಿಯಾಗಿದೆ ಎಂದಷ್ಟೂ ಅವರ ಮುಖ ಮರುಕದಿಂದ ಉದ್ದವಾಯಿತು. ಹೋಗುವಾಗ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಯಾರ ಜೊತೆಗಾದರೂ ಮಾತಾಡಬೇಕೆನಿಸಿದರೆ ತಾವಿದ್ದೇವೆ ಎಂದು ಹೇಳಿ ಹೋದರು. ಅವತ್ತಿನಿಂದ ರಿಸೆಪ್ಷನ್ನಿನಿಂದ ಫೋನು ಬಂದರೆ ಪೊಲೀಸರು, ಪ್ರಾಕ್ಟೀಸ್ ಮ್ಯಾನೇಜರ್ ನಗುತ್ತ ಒಳಗೆ ಬಂದರೆ ಸಸ್ಪೆನ್ಷನ್ ಎಂದೇ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಏನೂ ಆಗಲಿಲ್ಲ. ಹ್ಯಾರಿಸ್ ಮಾತ್ರ ಮುಂದಿನ ಸಲ ಮನೆಯಲ್ಲಿ ಮಾಡಿದ ಪ್ಲಮ್ ಜಾಮ್ ತಂದುಕೊಟ್ಟು, ತಮ್ಮ ಬಿಪಿಯ ಮಾತೇ ಎತ್ತದೆ ನನ್ನ ಯೋಗಕ್ಷೇಮ ಕೇಳಿಕೊಂಡು ಹೋದರು.

ಕೊನೆಗೆ ಭಾವನಿಗೆ ಫೋನು ಮಾಡಿ, ಆದದ್ದಾಗಲಿ ಎಂದು ನಲವತ್ತನಾಲ್ಕು ಎಂದೆ. ನರಳುವುದಕ್ಕಿಂತ ಒಂದೇ ಏಟಿಗೆ ಹೋಗುವುದು ಮೇಲು ಎಂದು ನನ್ನ ಮನಸ್ಸು ಒಪ್ಪಿತ್ತು. ಒಪ್ಪಿದ್ದಕ್ಕೆ ಎರಡು ದಿನ ಊಟ ಸೇರಲಿಲ್ಲ. ಆರು ಗುಂಡಿನ ರಿವಾಲ್ವರ್, ನಳಿಗೆ ಉದ್ದವಿರಲಿ, ತೂಕವಿದ್ದರೆ ಒದೆತ ಕಡಿಮೆ ಎಂದೆಲ್ಲ ಓದಿದ್ದನ್ನು ಒಪ್ಪಿಸಿದೆ. "ಅದರಲ್ಲೇ ನಾಲ್ಕೈದು ಥರ ಇದೆಯಲ್ಲ ಡಾಕ್ಟ್ರೇ, ಯಾವುದು?" ಎಂದರು ಭಾವ. ನನಗೆ ತಲೆ ಚಿಟ್ಟು ಹಿಡಿಯಿತು. "ಅಂಗಡಿಯಲ್ಲಿ ಬಾಗಿಲಿಗೆ ಹತ್ತಿರ ಇರೋದು ಯಾವುದು?" ಎಂದೆ.

ಆಮೇಲೆ ನನ್ನ ಆತ್ಮಸಾಕ್ಷಿಗೊಂದು ಬೇಲಿ ಹಾಕಿಕೊಳ್ಳೋಣವೆಂದು ಡಾಕ್ಟರ ಗತ್ತಿನಲ್ಲಿ ಒಂದು ಶರತ್ತು ಸೇರಿಸಿದೆ. ದಿನಾ ಬೆಳಗ್ಗೆ ಸಂಜೆ ಖಾಲಿ ರಿವಾಲ್ವರ್ ಹಿಡಿದು ಕೈ ಮುಂದೆ ಚಾಚಿ, ಇಳಿಸಿ, ಚಾಚಿ ಅಭ್ಯಾಸ ಮಾಡಬೇಕು. ಶೂಟಿಂಗ್ ರೇಂಜಿಗೆ ಹೋಗಿ ತಿಂಡಿ ತಟ್ಟೆಯಷ್ಟು ಗುರಿಗೆ ಪ್ರತಿ ಸಲವೂ ತಾಗುವವರೆಗೆ ಕಾಡಿನ ಕಡೆ ತಲೆ ಹಾಕಬಾರದು. ಭಾವನ ಕೈಯಲ್ಲಿ ಅದು ಈ ಜನ್ಮದಲ್ಲಿ ಆಗುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಆದರೆ ಮನುಷ್ಯ ಶ್ರದ್ಧಾವಂತ. ಸಂಧ್ಯಾವಂದನೆ ಬಿಟ್ಟವರು ಇದನ್ನು ಬಿಡಲಿಲ್ಲ.

ಆಯುಧಪೂಜೆಯ ದಿನ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಫೋಟೋ ಬಂತು. ಪ್ರತಿ ವರ್ಷ ನಾವೆಲ್ಲ ಕಾರು, ಲ್ಯಾಪ್‌ಟಾಪು, ಕುಕ್ಕರುಗಳಿಗೆ ಕುಂಕುಮ ಹಚ್ಚಿ ಫೋಟೋ ಹಾಕುತ್ತೇವೆ. ಭಾವನ ಮನೆಯ ಮಣೆಯ ಮೇಲೆ ಮಾತ್ರ, ಕಾರಿನ ಕೀಲಿಗೂ ಇಡ್ಲಿ ಪಾತ್ರೆಗೂ ನಡುವೆ, ಒಂದು ಮೊಳ ಉದ್ದದ ರಿವಾಲ್ವರ್ ಮಲಗಿತ್ತು. ಅದಕ್ಕೆ ಅರಿಶಿನ, ಕುಂಕುಮ, ನಳಿಗೆಯ ತುದಿಗೆ ಒಂದು ಚೆಂಡು ಹೂವು. ಕೆಳಗೆ "ಡಾಕ್ಟ್ರ ಸೆಲೆಕ್ಷನ್" ಎಂದು ಬರೆದಿತ್ತು. ಬಳಗದವರೆಲ್ಲ ಕೈ ಮುಗಿದ ಚಿತ್ರ ಕಳಿಸಿದರು. ನಾನು ಸರ್ಜರಿಯ ಟಾಯ್ಲೆಟ್ಟಿನಲ್ಲಿ ನಿಂತು ಆ ಫೋಟೋ ಅಳಿಸಿ, ಅಳಿಸಿದ್ದು ನಿಜವಾಗಿಯೂ ಅಳಿಸಿದೆಯೇ ಎಂದು ನೋಡಿ, ಮತ್ತೆ ನೋಡಿ, ಆಮೇಲೆ ಪೇಷಂಟನ್ನು ಕರೆದೆ.

ಪ್ರಾಯಶ್ಚಿತ್ತಕ್ಕೆ ದಾರಿ ತಾನಾಗಿಯೇ ಒದಗಿತು. ನಮ್ಮ ಹಿತ್ತಲಿನ ಬೇಲಿಯ ಬುಡದಲ್ಲಿ ಆಗಾಗ ಒಂದು ಸಣ್ಣ ಜಿಂಕೆ ಬಂದು ನಿಲ್ಲುತ್ತಿತ್ತು. ಮಂಟ್‌ಜ್ಯಾಕ್ ಎನ್ನುತ್ತಾರೆ, ನಮ್ಮ ಕಾಡುಕುರಿಯ ದಾಯಾದಿ, ನಾಯಿಯಷ್ಟೇ ಎತ್ತರ. ಹಿಂದೆ ಯಾರೋ ಶ್ರೀಮಂತರು ಏಷ್ಯಾದಿಂದ ತರಿಸಿ ತಮ್ಮ ಪಾರ್ಕಿನಲ್ಲಿ ಬಿಟ್ಟದ್ದು, ತಪ್ಪಿಸಿಕೊಂಡು ಹಬ್ಬಿ, ಈಗ ಒಳ್ಳೊಳ್ಳೆಯ ಬಡಾವಣೆಗಳ ಹಿತ್ತಲುಗಳಲ್ಲಿ ನಮ್ಮ ಹಾಗೆಯೇ ನೆಲೆಸಿಬಿಟ್ಟಿವೆ. ಟೆಕ್ಸಾಸಿನ ಜಿಂಕೆಗೆ ಮಾಡಿದ ಅನ್ಯಾಯವನ್ನು ಇದಕ್ಕೆ ಉಪಚಾರ ಮಾಡಿಯಾದರೂ ಸರಿದೂಗಿಸೋಣ ಎಂದು ನಾನು ದಿನವೂ ಕ್ಯಾರೆಟ್ಟಿನ ಸಿಪ್ಪೆ, ಸೌತೆಕಾಯಿಯ ತೊಟ್ಟು, ಒಮ್ಮೊಮ್ಮೆ ಇಡೀ ಸೇಬನ್ನೇ ಬೇಲಿಯ ಹತ್ತಿರ ಇಡತೊಡಗಿದೆ. ಅದು ದಿನಕ್ಕೊಂದು ಹೆಜ್ಜೆ ಮನೆಯ ಹತ್ತಿರಕ್ಕೆ ಬಂತು. ನನ್ನನ್ನು ಕಂಡರೆ ಓಡುತ್ತಿರಲಿಲ್ಲ. ಮೇಘನಾ ಅದಕ್ಕೆ ಬಿಸ್ಕೆಟ್ ಎಂದು ಹೆಸರಿಟ್ಟಳು. "ಅಲ್ಲಿ ಒಂದಕ್ಕೆ ಗುಂಡು, ಇಲ್ಲಿ ಒಂದಕ್ಕೆ ಊಟ. ಚೆನ್ನಾಗಿದೆ ರೀ ನಿಮ್ಮ ನ್ಯಾಯ" ಎಂದು ವಸುಧಾ ಛೇಡಿಸಿದಳು. ಛೇಡಿಸಲಿ. ಬಿಸ್ಕೆಟ್ಟಿನ ಒದ್ದೆ ಮೂಗು ಸೇಬಿಗೆ ತಾಗುವುದನ್ನು ನೋಡುವಾಗ ಮಾತ್ರ ನನ್ನ ಎದೆಯ ಭಾರ ಸ್ವಲ್ಪ ಇಳಿಯುತ್ತಿತ್ತು.

ನವೆಂಬರ್ ಬಂತು. ಭಾವ ತಟ್ಟೆಯಷ್ಟು ಗುರಿಗೆ ಪ್ರತಿ ಸಲವೂ ಹೊಡೆಯುತ್ತಿದ್ದಾರೆ, ಈ ವಾರ ಬೇಟೆಗೆ ಹೊರಟಿದ್ದಾರೆ ಎಂದು ಸುದ್ದಿ ಬಂತು. ನಾನು ದೇವರ ಮುಂದೆ ನಿಂತು, ಜೀವನದಲ್ಲಿ ಮೊದಲ ಬಾರಿಗೆ, ನನ್ನ ಕೈಗುಣ ಕೈಕೊಡಲಿ ಎಂದು ಬೇಡಿಕೊಂಡೆ. ಭಾನುವಾರ ಅಪರೂಪಕ್ಕೆ ಬಿಸಿಲು ಬಿದ್ದಿತ್ತು. "ಗಿಡಕ್ಕೆ ಒಂದು ಗಳಿಗೆ ಬಿಸಿಲು ತೋರಿಸ್ರೀ, ಪಾಪ" ಎಂದಳು ವಸುಧಾ. ಕರಿಬೇವಿನ ಕುಂಡವನ್ನು ಹಿತ್ತಲಿಗೆ ಸಾಗಿಸಿ, ಅದರ ಎಲೆಯ ಧೂಳು ಒರೆಸಿ, ಒಳಗೆ ಬಂದು ಫೋನಿನ ಮುಂದೆ ಕೂತೆ. ಆ ಹೊತ್ತು ಕಳೆದದ್ದು ಹೇಗೆಂದು ನನಗೇ ಗೊತ್ತು. ಸಂಜೆಯ ಹತ್ತಿರ ಫೋನು ಹೊಡೆದುಕೊಂಡಿತು.

"ಡಾಕ್ಟ್ರೇ, ನಿಮ್ಮ ಕೈಗುಣ ಅಂದ್ರೆ ಕೈಗುಣ!" ಎಂದರು ಭಾವ. ಹೋಯಿತು, ಚಿಕ್ಕಮ್ಮನ ಮುಖದ ಜಿಂಕೆ ಹೋಯಿತು ಎಂದುಕೊಂಡೆ.

"ಮರದ ಮೇಲಿನ ಮಂಚಿಕೆಯಲ್ಲಿ ಕೂತಿದ್ದೆ. ದೊಡ್ಡ ಜಿಂಕೆ, ಇಷ್ಟು ಹತ್ತಿರ ಬಂದು ನಿಂತಿತು. ನಾನಿನ್ನೇನು ಗುರಿ ಇಡಬೇಕು, ಗಾಳಿಗೆ ಟೋಪಿ ಹಾರಿತು. ಹಿಡಿಯೋಣ ಅಂತ ಕೈ ಎತ್ತಿದೆ ನೋಡಿ, ಬಲಗೈ, ನೆಟ್ಟಗೆ ತಲೆ ಮೇಲೆ ಹೋಯ್ತು! ಒಂದು ಚೂರೂ ನೋವಿಲ್ಲ! ಶರ್ಟು ಹಾಕೋಕೆ ನಿಮ್ಮಕ್ಕನ್ನ ಕರೀತಿದ್ದ ಕೈ ಅದು. ಖುಷಿ ತಡೆಯೋಕಾಗದೆ ಜೋರಾಗಿ ಕಿರುಚಿಬಿಟ್ಟೆ."

"ಜಿಂಕೆ?"

"ಓಡಿಹೋಯ್ತು. ಜಿಂಕೆ ಹಾಳಾಗಲಿ ಬಿಡಿ, ನನ್ನ ಭುಜ ವಾಸಿಯಾಯ್ತಲ್ಲ! ದಿನಾ ಕೈ ಚಾಚಿ ಇಳಿಸಿ ಅಂದ್ರಲ್ಲ, ಅದರ ಮಹಿಮೆ."

ಸೆಟೆದ ಭುಜ ಕಾಲಕ್ರಮದಲ್ಲಿ ತಾನಾಗಿಯೇ ಬಿಟ್ಟುಕೊಳ್ಳುತ್ತದೆ ಎಂಬುದು ಯಾವ ಡಾಕ್ಟರಿಗಾದರೂ ಗೊತ್ತು. ನಾನು ಹೇಳಲಿಲ್ಲ. ನನ್ನ ಕಣ್ಣು ತುಂಬಿತ್ತು. ಜಿಂಕೆ ಬದುಕಿತು, ಭಾವನ ಭುಜ ನೆಟ್ಟಗಾಯಿತು, ನನ್ನ ಹೆಸರೂ ಉಳಿಯಿತು. ಫೋನನ್ನು ಕಿವಿಗೆ ಒತ್ತಿಕೊಂಡೇ ಸಂಭ್ರಮದಿಂದ ಎದ್ದು ಹಿತ್ತಲಿನ ಕಿಟಕಿಯ ಹತ್ತಿರ ಹೋದೆ.

"ಅದಕ್ಕೇ ಡಾಕ್ಟ್ರೇ," ಭಾವ ಹೇಳುತ್ತಿದ್ದರು, "ಭುಜ ಸರಿಹೋದ ಮೇಲೆ ಈ ಪಿಸ್ತೂಲಿನ ಫಜೀತಿ ಯಾಕೆ? ಎಲ್ಲರ ಹಾಗೆ ರೈಫಲೇ ತಗೊಂಡುಬಿಡ್ತೀನಿ. ಯಾವ ಕ್ಯಾಲಿಬರ್ ಅಂತ ನೀವೇ ಹೇಳಬೇಕು."

ಆಗುವುದಿಲ್ಲ, ಈ ಪಾಪ ಇನ್ನು ನನ್ನ ಕೈಯಲ್ಲಾಗದು ಎಂದು ಹೇಳಲು ಬಾಯಿ ತೆರೆದೆ. ಕಿಟಕಿಯಾಚೆ, ನಾನು ಧೂಳು ಒರೆಸಿಟ್ಟ ಕರಿಬೇವಿನ ಕುಂಡದಲ್ಲಿ, ಬಗ್ಗಿ ಮುರಿದು ಮೊಣಕಾಲೆತ್ತರಕ್ಕಿಳಿದ ಒಂದು ಬೋಳು ಕಡ್ಡಿ ನಿಂತಿತ್ತು. ಅದರ ಪಕ್ಕದಲ್ಲಿ ಬಿಸ್ಕೆಟ್ ನಿಂತು, ನನ್ನ ಕೈಗುಣದ ಕೊನೆಯ ಎಸಳನ್ನು ನಿಧಾನವಾಗಿ ಮೆಲ್ಲುತ್ತಿತ್ತು. ನನ್ನನ್ನು ಕಂಡು ಎಂದಿನ ವಿಶ್ವಾಸದಿಂದ ಸೇಬಿಗಾಗಿ ಕತ್ತೆತ್ತಿತು.

"ಡಾಕ್ಟ್ರೇ? ಇದೀರಾ?"

"ಇದೀನಿ ಭಾವ," ಎಂದೆ. "ದೊಡ್ಡ ಜಿಂಕೆಗೋ, ಚಿಕ್ಕದಕ್ಕೋ?"